ಕೈಮರದ ಏರಿನಲ್ಲಿ ಕುದಿದ ಅಂಬಾಸಿಡರ್: ಹೆಡ್ ಬಿಚ್ಚಿ ಕಟ್ಟಿದ ಏಳು ಭಾನುವಾರ

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವ ದಾರಿಯ ಕೈಮರ ದಾಟಿ ಏರು ಹಿಡಿದು ಹತ್ತು ನಿಮಿಷ ಆಗಿರಲಿಲ್ಲ. ಟೆಂಪರೇಚರ್ ಮೀಟರಿನ ಮುಳ್ಳು 100 ದಾಟಿತು. ಬಾನೆಟ್ ಸಂದಿಯಿಂದ ಹಬೆ ಎದ್ದಿತು. ಗಾಡಿಯನ್ನು ಕಾಫಿ ತೋಟದ ಬೇಲಿ ಪಕ್ಕ ನಿಲ್ಲಿಸಿ ಮುಕ್ಕಾಲು ಗಂಟೆ ಕಾದೆವು. ಅಪ್ಪ ಒಂದು ಮಾತೂ ಆಡಲಿಲ್ಲ. ತಣ್ಣಗಾದ ಮೇಲೆ ನೀರು ತುಂಬಿ, ಬೆಟ್ಟಕ್ಕೆ ಹೋಗುವುದನ್ನು ಬಿಟ್ಟು, ನಿಧಾನವಾಗಿ ಅರಸೀಕೆರೆಗೆ ವಾಪಸ್ ಹೊರಟೆವು. ಆದರೆ ಎಂಜಿನ್ ದನಿಯೇ ಬದಲಾಗಿತ್ತು. ಐಡ್ಲಿಂಗಿನಲ್ಲಿ ಗಾಡಿ ಮೈಯೆಲ್ಲ ನಡುಗುತ್ತಿತ್ತು. ಪಿಕಪ್ ಅರ್ಧಕ್ಕರ್ಧ ಹೋಗಿತ್ತು. ಕಡೂರು ದಾಟಿದ ಮೇಲೆ ಸಣ್ಣ ದಿಬ್ಬಕ್ಕೂ ಮೂರನೇ ಗೇರು ಬೇಕಾಯಿತು.

ಗಾಡಿ 1984ರ ಅಂಬಾಸಿಡರ್ ಮಾರ್ಕ್ 4, ಪೆಟ್ರೋಲ್. ಅಪ್ಪ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಕಾಲದಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ತಿಪಟೂರು ಮಾರ್ಕೆಟ್ಟಿಗೆ ಡಿಕ್ಕಿ ತುಂಬ ಚೀಲ ಹೊತ್ತು ಎಷ್ಟು ಸಲ ಹೋಗಿದೆಯೋ ಲೆಕ್ಕವಿಲ್ಲ. ನನ್ನ ಅಕ್ಕನ ದಿಬ್ಬಣ ಹೋಗಿದ್ದೂ ಇದರಲ್ಲೇ. ಅದನ್ನು ಗುಜರಿಗೆ ಹಾಕುವ ಮಾತು ನಮ್ಮ ಮನೆಯಲ್ಲಿ ಯಾವತ್ತೂ ಬಂದಿಲ್ಲ.

ಎರಡು ವರ್ಷದ ಹಿಂದೆ ಒಂದು ಗ್ಯಾರೇಜಿನಲ್ಲಿ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಬ್ಲಾಕಿಗೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿಗೂ ನಡುವಿನ ಹಾಳೆ, ಹಾಕಿಸಿದ್ದೆವು. ಆಗಲೂ ಕಾರಣ ಇದೇ, ಬಾಯ್ಲ್ ಆಗಿದ್ದು. ಹೊಸ ಗ್ಯಾಸ್ಕೆಟ್ ಹಾಕಿದ ಮೇಲೆ ಬಯಲಿನಲ್ಲಿ ಚೆನ್ನಾಗಿ ಓಡಿತು. ಏರು ಸಿಕ್ಕಿದ ಮೊದಲ ದಿನವೇ ಮತ್ತೆ ಕುದಿಯಿತು. ಗ್ಯಾಸ್ಕೆಟ್ ಸುಟ್ಟಿದ್ದಕ್ಕೆ ಕುದಿಯಿತೋ, ಕುದಿದಿದ್ದಕ್ಕೆ ಗ್ಯಾಸ್ಕೆಟ್ ಸುಟ್ಟಿತೋ? ಇದನ್ನು ಯಾರೂ ಕೇಳಿರಲಿಲ್ಲ. ಈ ಸಲ ಅದು ಗೊತ್ತಾಗುವವರೆಗೆ ಗಾಡಿಯನ್ನು ಬೇರೆ ಯಾರ ಕೈಗೂ ಕೊಡಬಾರದು ಅಂತ ತೀರ್ಮಾನ ಮಾಡಿ, ಮನೆ ಮುಂದಿನ ಶೆಡ್ಡಿನಲ್ಲೇ ಬಿಚ್ಚಲು ಕೂತೆ.

ಈ ಎಂಜಿನ್ ಬಗ್ಗೆ ಸ್ವಲ್ಪ ಹೇಳಬೇಕು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರನ್ನೇ ಹಿಂದೂಸ್ತಾನ್ ಮೋಟಾರ್ಸ್‌ನವರು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಅಂತ ಮಾಡಿದರು. ಐವತ್ತರ ದಶಕದ ಕೊನೆಗೆ ಶುರುವಾದದ್ದು 2014ರಲ್ಲಿ ನಿಂತಿತು. ನಮ್ಮ ಗಾಡಿಯಲ್ಲಿರುವುದು 1489 ಸಿಸಿಯ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್) ಬಿ ಸೀರೀಸ್ ಎಂಜಿನ್. ಎಂಜಿಎ ಅನ್ನುವ ಸ್ಪೋರ್ಟ್ಸ್ ಕಾರಿನಲ್ಲೂ ಇದೇ ಕುಟುಂಬದ ಎಂಜಿನ್ ಇತ್ತು. ಹಾಗಾಗಿ ಈ ಎಂಜಿನ್ ಬಗ್ಗೆ ಬರೆದಿಟ್ಟವರು ಪ್ರಪಂಚದ ತುಂಬ ಇದ್ದಾರೆ. ಓದುವ ತಾಳ್ಮೆ ಇದ್ದರೆ ಸಾಕು.

ಬ್ಲಾಕು, ಹೆಡ್ಡು ಎರಡೂ ಎರಕದ ಕಬ್ಬಿಣ. ವಾಲ್ವ್ ತೆರೆಸುವ ಕ್ಯಾಮ್ ಬ್ಲಾಕಿನೊಳಗೆ, ವಾಲ್ವ್ ಮೇಲೆ ಹೆಡ್ಡಿನಲ್ಲಿ, ಮಧ್ಯೆ ತಳ್ಳುವ ಕಡ್ಡಿ, ಅದೇ ಪುಶ್ ರಾಡ್. ಎಲ್ಲ ಇಂಚಿನ ನಟ್ಟುಗಳು. ಎಂಎಂ ಸ್ಪ್ಯಾನರ್ ಹಾಕಿ ಒತ್ತಿದರೆ ನಟ್ಟಿನ ಮೂಲೆ ತಿಂದುಹೋಗುತ್ತದೆ. ನಮ್ಮ ಗಾಡಿಯಲ್ಲಿ ಮೂರು ನಟ್ಟು ಆಗಲೇ ದುಂಡಗಾಗಿದ್ದವು. ಕೆಲಸಕ್ಕೆ ಇಳಿಯುವ ಮೊದಲು ಇಂಚಿನ ಸಾಕೆಟ್ ಸೆಟ್ ತಗೊಳ್ಳಿ, ಈ ಖರ್ಚಿನಲ್ಲಿ ಉಳಿತಾಯ ಬೇಡ.

ಮೊದಲ ಭಾನುವಾರ ಏನನ್ನೂ ಬಿಚ್ಚಲಿಲ್ಲ. ಅಳೆದೆ, ಅಷ್ಟೇ. ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ತೆಗೆದು, ಕಾಯಿಲ್ ವೈರ್ ಕಳಚಿ, ತಮ್ಮನಿಗೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಲು ಹೇಳಿದೆ. ಸಿಲಿಂಡರಿನಲ್ಲಿ ಗಾಳಿ ಎಷ್ಟು ಒತ್ತಡಕ್ಕೆ ಏರುತ್ತದೆ ಅಂತ ತೋರಿಸುವ ಕಂಪ್ರೆಶನ್ ಗೇಜಿನಲ್ಲಿ ಬಂದ ಲೆಕ್ಕ: 1ನೇ ಸಿಲಿಂಡರ್ 118, 2ನೆಯದು 58, 3ನೆಯದು 60, 4ನೆಯದು 116 ಪಿಎಸ್‌ಐ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿವೆ ಅಂದರೆ ಅವೆರಡರ ನಡುವಿನ ಗೋಡೆಯ ಮೇಲೆ ಗ್ಯಾಸ್ಕೆಟ್ ಸುಟ್ಟಿದೆ ಅಂತ ಬಹುಮಟ್ಟಿಗೆ ಹೇಳಬಹುದು. ಆದರೂ ಪಿಸ್ಟನ್ ಸುತ್ತಲಿನ ಸಂದಿ ಮುಚ್ಚುವ ರಿಂಗ್ ಮೇಲಿನ ಅನುಮಾನ ಕಳೆಯಬೇಕಿತ್ತು. 2ನೇ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದೆ. ರಿಂಗ್ ಸವೆದಿದ್ದರೆ ಆಯಿಲ್ ಸಂದಿ ತುಂಬಿ ಲೆಕ್ಕ ಜೋರಾಗಿ ಏರಬೇಕು. 58 ಇದ್ದದ್ದು 62 ಆಯಿತು. ರಿಂಗ್ ಅಲ್ಲ.

ಆಮೇಲೆ ರೇಡಿಯೇಟರ್ ಕ್ಯಾಪ್ ತೆಗೆದಿಟ್ಟು, ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ, ಟಾರ್ಚ್ ಹಿಡಿದು ನೋಡಿದೆ. ಗುಳ್ಳೆ ಒಂದೂ ಇಲ್ಲ. ಡಿಪ್ ಸ್ಟಿಕ್ಕಿನಲ್ಲಿ ಆಯಿಲ್ ಹಾಲಿನಂತೆ ಆಗಿಲ್ಲ. ಅಂದರೆ ಸಿಲಿಂಡರಿನ ಗ್ಯಾಸು ನೀರಿಗೆ ಹೋಗುತ್ತಿಲ್ಲ, ನೀರು ಆಯಿಲಿಗೆ ಹೋಗುತ್ತಿಲ್ಲ. ಬರೀ 2ರಿಂದ 3ಕ್ಕೆ, 3ರಿಂದ 2ಕ್ಕೆ ಸೋರುತ್ತಿದೆ. ಇಂಥ ಸೋರಿಕೆ ಎಂಜಿನ್ನಿನ ಶಕ್ತಿ ತಿನ್ನುತ್ತದೆ, ಮಿಸ್ಸಿಂಗ್ ಮಾಡುತ್ತದೆ. ಆದರೆ ಅದೊಂದರಿಂದಲೇ ಹತ್ತು ನಿಮಿಷದಲ್ಲಿ ನೀರು ಕುದಿಯಲಾರದು. ಕುದಿದದ್ದು ಮೊದಲು, ಸುಟ್ಟದ್ದು ಆಮೇಲೆ. ಹಾಗಾದರೆ ಕುದಿದದ್ದು ಯಾಕೆ? ಆ ರಾತ್ರಿ ನೋಟ್‌ಬುಕ್ಕಿನಲ್ಲಿ ಈ ಪ್ರಶ್ನೆಯನ್ನು ದೊಡ್ಡದಾಗಿ ಬರೆದಿಟ್ಟೆ.

ಉತ್ತರ ಎರಡನೇ ಭಾನುವಾರ, ಇನ್ನೂ ಒಂದು ನಟ್ಟೂ ಬಿಚ್ಚುವ ಮೊದಲೇ ಸಿಕ್ಕಿತು. ಹೆಡ್ ತೆಗೆಯುವ ಮುಂಚೆ ನೀರು ಖಾಲಿ ಮಾಡಬೇಕು. ರೇಡಿಯೇಟರ್ ಕೆಳಗಿನ ನಲ್ಲಿ ತಿರುಗಿಸಿದೆ, ತುಕ್ಕಿನ ಬಣ್ಣದ ನೀರು ಬಂತು. ಬ್ಲಾಕಿನ ಹಿಂಬದಿಯಲ್ಲಿ ಇನ್ನೊಂದು ಪುಟ್ಟ ನಲ್ಲಿ ಇದೆ. ಅದನ್ನು ತಿರುಗಿಸಿದೆ, ಒಂದು ಹನಿಯೂ ಬರಲಿಲ್ಲ. ನಲ್ಲಿಯನ್ನೇ ಪೂರ್ತಿ ಬಿಚ್ಚಿದೆ. ಆಗಲೂ ಇಲ್ಲ! ತೂತಿನೊಳಗೆ ಸೈಕಲ್ ಚಕ್ರದ ಕಡ್ಡಿ ತೂರಿಸಿದರೆ ಒಣಗಿದ ಗಾರೆಗೆ ಚುಚ್ಚಿದ ಹಾಗೆ ಕರಕರ ಅಂದಿತು. ಹತ್ತು ನಿಮಿಷ ಚುಚ್ಚಿದ ಮೇಲೆ ಕಂದು ಕೆಸರು ತೊಟ್ಟಿಕ್ಕಿತು. ಅಂದರೆ ಹಿಂದಿನ ಸಿಲಿಂಡರಿನ ಸುತ್ತ, ತಳಭಾಗದಲ್ಲಿ, ನೀರು ಓಡಾಡಿ ಎಷ್ಟೋ ವರ್ಷ ಆಗಿದೆ.

ಅಪ್ಪನನ್ನು ಕರೆದು ತೋರಿಸಿದೆ. ಕೈಯಲ್ಲಿ ಆ ಬಿಳಿ-ಕಂದು ಪುಡಿ ತಿಕ್ಕಿ ನೋಡಿ, "ಇದು ನಮ್ಮ ಬೋರ್‌ವೆಲ್ ನೀರು ಕಣಪ್ಪ" ಅಂದರು. ನಿಜವೇ. ನಮ್ಮ ಕಡೆ ಬೋರ್ ನೀರು ಎಷ್ಟು ಗಡುಸು ಅಂತ ಅಡುಗೆಮನೆಯ ಪಾತ್ರೆ ನೋಡಿದರೆ ಸಾಕು. ನೀರು ಕಾಯಿಸುವ ಹಂಡೆಯ ತಳದಲ್ಲಿ ಒಂದು ವರ್ಷಕ್ಕೆ ಬೆರಳು ದಪ್ಪ ಸುಣ್ಣದ ಪೊರೆ ಕಟ್ಟುತ್ತದೆ. ಅದೇ ನೀರನ್ನು ಮೂವತ್ತು ವರ್ಷ ರೇಡಿಯೇಟರಿಗೆ ಸುರಿದಿದ್ದೇವೆ. ಕಬ್ಬಿಣದ ತುಕ್ಕು, ಸುಣ್ಣ ಎರಡೂ ಸೇರಿ ಬ್ಲಾಕಿನೊಳಗೆ ಕಲ್ಲಾಗಿವೆ. ಬಯಲು ರಸ್ತೆಯಲ್ಲಿ ಉಳಿದ ಜಾಗದ ನೀರು ಹೇಗೋ ಸುಧಾರಿಸುತ್ತಿತ್ತು. ಏರಿನಲ್ಲಿ ಆಗಲಿಲ್ಲ.

ಮೂರನೇ ಭಾನುವಾರ ಹೆಡ್ ಬಿಚ್ಚಿದೆ. ಈ ಎಂಜಿನ್ನಿನಲ್ಲಿ ಒಂದು ವಿಷಯ ಮೊದಲೇ ಗೊತ್ತಿರಬೇಕು. ಹೆಡ್ ಹಿಡಿದಿರುವ ಸ್ಟಡ್ಡುಗಳು, ಅಂದರೆ ಬ್ಲಾಕಿನಿಂದ ಮೇಲೆದ್ದ ತಲೆಯಿಲ್ಲದ ಬೋಲ್ಟುಗಳು, 11. ಅದರಲ್ಲಿ ನಾಲ್ಕು, ವಾಲ್ವನ್ನು ಒತ್ತುವ ರಾಕರುಗಳು ಕೂತಿರುವ ಶಾಫ್ಟಿನ ಕಂಬಗಳ ಮೂಲಕವೇ ಹಾದು ಬರುತ್ತವೆ. ರಾಕರ್ ಮಾತ್ರ ತೆಗೆಯೋಣ ಅಂತ ಆ ನಾಲ್ಕನ್ನಷ್ಟೇ ಸಡಿಲಿಸಿದರೆ ಹೆಡ್ ಒಂದು ಬದಿ ಬಿಗಿ, ಇನ್ನೊಂದು ಬದಿ ಸಡಿಲ ಆಗಿ ಬಾಗುತ್ತದೆ. ಹನ್ನೊಂದನ್ನೂ ಸ್ವಲ್ಪ ಸ್ವಲ್ಪವೇ, ಸುತ್ತು ಸುತ್ತಾಗಿ ಸಡಿಲಿಸಬೇಕು. ಬೇರೆ ಕೆಲಸಕ್ಕೆ ರಾಕರ್ ಬಿಚ್ಚುವವರು ಇದನ್ನು ಮರೆತರೆ ಚೆನ್ನಾಗಿದ್ದ ಗ್ಯಾಸ್ಕೆಟ್ಟೂ ಹೋಗುತ್ತದೆ.

ಪುಶ್ ರಾಡ್ ತೆಗೆಯುವಾಗ ಒಂದು ತಪ್ಪು ಮಾಡಿದೆ. ಮೊದಲನೆಯದನ್ನು ಸೀದಾ ಮೇಲಕ್ಕೆ ಎಳೆದೆ. ಅದರ ತುದಿಗೆ ಆಯಿಲ್ ಅಂಟಿನಿಂದ ಟ್ಯಾಪೆಟ್, ಅಂದರೆ ಪುಶ್ ರಾಡ್ ಕೆಳಗೆ ಕ್ಯಾಮ್ ಮೇಲೆ ಕೂರುವ ಪುಟ್ಟ ತುಂಡು, ಕೂಡ ಅಂಟಿಕೊಂಡು ಬಂದು, ಅರ್ಧ ದಾರಿಯಲ್ಲಿ ಕಳಚಿ ಒಳಗೆ ಬಿತ್ತು. ಪಕ್ಕದ ಟ್ಯಾಪೆಟ್ ಕವರ್ ಬಿಚ್ಚಿ ಅದನ್ನು ತನ್ನ ಗುಂಡಿಗೆ ಮತ್ತೆ ಕೂರಿಸುವಷ್ಟರಲ್ಲಿ ಎರಡು ಗಂಟೆ ಹೋಯಿತು. ಮಿಕ್ಕ ಏಳನ್ನು ಬೆರಳಲ್ಲಿ ಎರಡು ಸುತ್ತು ತಿರುಗಿಸಿ, ಅಂಟು ಬಿಡಿಸಿ, ಆಮೇಲೆ ಎತ್ತಿದೆ. ರಟ್ಟಿನ ಡಬ್ಬಿಗೆ ಎಂಟು ತೂತು ಮಾಡಿ, ನಂಬರ್ ಬರೆದು, ಅದೇ ಕ್ರಮದಲ್ಲಿ ಸಿಕ್ಕಿಸಿಟ್ಟೆ. ಸವೆದು ಜೋಡಿಯಾದವನ್ನು ಅದಲುಬದಲು ಮಾಡಬಾರದು.

ಹೆಡ್ ಅಲುಗಲಿಲ್ಲ. ಇಲ್ಲಿ ಸ್ಕ್ರೂ ಡ್ರೈವರ್ ತೂರಿಸಿ ಎಬ್ಬಿಸುವ ಆಸೆ ಬರುತ್ತದೆ. ಬೇಡ. ಒಂದು ಗೀರು ಬಿದ್ದರೂ ಅಲ್ಲಿಂದ ಮತ್ತೆ ಸೋರುತ್ತದೆ. ನಟ್ಟೆಲ್ಲ ತೆಗೆದು, ಪ್ಲಗ್ಗುಗಳನ್ನು ಮತ್ತೆ ಹಾಕಿ, ಸೆಲ್ಫ್ ಒಂದು ಸಲ ಹೊಡೆದೆವು. ರಾಕರ್ ಇಲ್ಲದ್ದರಿಂದ ವಾಲ್ವೆಲ್ಲ ಮುಚ್ಚಿರುತ್ತವೆ, ಸಿಲಿಂಡರಿನ ಗಾಳಿಯೇ ಹೆಡ್ಡನ್ನು ಒದ್ದು ಬಿಡಿಸುತ್ತದೆ. ಪಟ್ ಅಂತ ಬಿಟ್ಟಿತು. ನಾನು, ತಮ್ಮ ಎರಡು ಕಡೆ ಹಿಡಿದು ನೇರವಾಗಿ ಎತ್ತಿದೆವು.

ಗ್ಯಾಸ್ಕೆಟ್ ಎಲ್ಲಿ ಸುಟ್ಟಿರಬೇಕು ಅಂತ ಬರೆದಿದ್ದೆನೋ ಅಲ್ಲೇ ಸುಟ್ಟಿತ್ತು. 2 ಮತ್ತು 3ರ ನಡುವೆ ತಾಮ್ರದ ಅಂಚು ಕರಗಿ, ಪೆನ್ಸಿಲ್ ಅಗಲದ ಕಪ್ಪು ದಾರಿ. ಈ ಜಾಗವೇ ಯಾಕೆ ಅಂತ ಹೆಡ್ ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ. 2ನೇ ಮತ್ತು 3ನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವುಗಳು ಅಕ್ಕಪಕ್ಕ ಕೂತಿವೆ. ಎರಡಕ್ಕೂ ಹೊರಗೆ ಹೋಗಲು ಒಂದೇ ದಾರಿ. ಇಡೀ ಹೆಡ್ಡಿನಲ್ಲಿ ಜಾಸ್ತಿ ಕಾಯುವ ಜಾಗ ಇದು. ನೀರು ಕೈಕೊಟ್ಟರೆ ಮೊದಲು ಬಲಿಯಾಗುವುದು ಇಲ್ಲೇ.

ಹಳೆಯ ಗ್ಯಾಸ್ಕೆಟ್ ಕೆರೆಯುವವರಿಗೆ ಒಂದು ಮಾತು. ಆ ಕಾಲದ ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಒಣಗಿದ್ದನ್ನು ಕೆರೆಯಬೇಡಿ, ವೈರ್ ಬ್ರಶ್ ಮೆಷಿನ್ ಹಾಕಬೇಡಿ. ನೀರಲ್ಲಿ ಚೆನ್ನಾಗಿ ನೆನೆಸಿ, ಮಾಸ್ಕ್ ಹಾಕಿ, ಒದ್ದೆ ಇರುವಾಗಲೇ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.

ಉಕ್ಕಿನ ನೇರ ಪಟ್ಟಿಯನ್ನು ಹೆಡ್ಡಿನ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು, ಕೆಳಗಿನ ಸಂದಿಯನ್ನು ಫೀಲರ್ ಗೇಜಿನ ತೆಳು ಪಟ್ಟಿಗಳಲ್ಲಿ ಅಳೆದೆ. ಮಧ್ಯದಲ್ಲಿ 6 ಥೌ ಸಲೀಸಾಗಿ ತೂರಿತು (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು). ಬ್ಲಾಕ್ ಪರವಾಗಿಲ್ಲ, 2 ಥೌ ಕೂಡ ತೂರಲಿಲ್ಲ. ಆದರೆ ನಾಲ್ಕು ಸ್ಟಡ್ ಬುಡದಲ್ಲಿ ಕಬ್ಬಿಣ ಮೇಲಕ್ಕೆ ಉಬ್ಬಿತ್ತು, ಎರಡು ಸ್ಟಡ್ಡುಗಳ ಥ್ರೆಡ್ ಎಳೆದುಕೊಂಡು ಸಣ್ಣಗಾಗಿತ್ತು. ಹಿಂದೆ ಕಟ್ಟಿದವರು ಬಿಗಿ ಅಳೆಯುವ ಟಾರ್ಕ್ ರೆಂಚ್ ಇಲ್ಲದೆ, ಉದ್ದ ಪೈಪು ಹಾಕಿ ಬಿಗಿದ ಗುರುತು ಅದು. ಉಬ್ಬನ್ನು ನಯವಾದ ಅರದಲ್ಲಿ ತೀಡಿ ಸಮ ಮಾಡಿದೆ. ಸ್ಟಡ್ ಎರಡನ್ನೂ ಬದಲಿಸಿದೆ.

ಸಿಲಿಂಡರ್ ಗೋಡೆ ಚೆನ್ನಾಗಿದ್ದವು. ಮೇಲಿನ ಅಂಚಿನಲ್ಲಿ ಉಗುರಿಗೆ ಸಿಗುವಷ್ಟು ಸಣ್ಣ ಏಣು, ಅಷ್ಟೇ. ಆಯಿಲ್ ಪ್ರೆಶರ್ ಕೂಡ ಸರಿಯಿತ್ತು. ಹೇಗೂ ಬಿಚ್ಚಿದ್ದೀಯ, ರಿಂಗು ಬೇರಿಂಗು ಎಲ್ಲ ಹಾಕಿಬಿಡು ಅಂತ ಚಿಕ್ಕಪ್ಪ ಹೇಳಿದರು. ನಾನು ಒಪ್ಪಲಿಲ್ಲ. ಚೆನ್ನಾಗಿ ಹೊಂದಿಕೊಂಡ ಕೆಳಭಾಗವನ್ನು ಸುಮ್ನೆ ಬಿಚ್ಚಬಾರದು. ಪಿಸ್ಟನ್ ತಲೆಯ ಮಸಿ ತೆಗೆಯುವಾಗಲೂ ಅಂಚಿನ ಸುತ್ತ ಸಣ್ಣ ಬಳೆಯಷ್ಟು ಮಸಿ ಬಿಟ್ಟೆ. ಹಳೆ ಎಂಜಿನ್ನಿನಲ್ಲಿ ಆ ಬಳೆ ಇದ್ದರೆ ಆಯಿಲ್ ಮೇಲೆ ಬರುವುದು ಕಡಿಮೆ. ಬಿಎಂಸಿಯವರ ಪುಸ್ತಕದಲ್ಲೇ ಹಾಗೆ ಹೇಳಿದೆ.

ಹೆಡ್ ಹಾಸನದ ಲೇತ್ ಅಂಗಡಿಗೆ ಹೋಯಿತು. ಅಂಗಡಿಯ ಯಜಮಾನರಿಗೆ ಅರವತ್ತು ದಾಟಿರಬೇಕು. ಹೆಡ್ ನೋಡಿದ್ದೇ ತಡ, ಎಕ್ಸಾಸ್ಟ್ ವಾಲ್ವ್ ಕೂರುವ ಸೀಟುಗಳ ನಡುವೆ ಸೀಮೆಎಣ್ಣೆ ಹಚ್ಚಿ, ಒರೆಸಿ, ಸೀಮೆಸುಣ್ಣದ ಪುಡಿ ಉಜ್ಜಿದರು. ಬಿರುಕು ಇದ್ದರೆ ಒಳಗೆ ಉಳಿದ ಎಣ್ಣೆ ಪುಡಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಐದು ನಿಮಿಷ ಇಬ್ಬರೂ ಬಗ್ಗಿ ನೋಡುತ್ತ ನಿಂತೆವು. ಗೆರೆ ಬರಲಿಲ್ಲ.

"ಎಷ್ಟು ತೆಗೀಲಿ?"

"ಸಮ ಆಗೋಷ್ಟು ಮಾತ್ರ ಸಾಕು ಅಣ್ಣ."

"ಹಂಗೆ ಹೇಳೋರೇ ಕಮ್ಮಿ. ಎಲ್ಲ ಜಾಸ್ತಿ ತೆಗಿ, ಪಿಕಪ್ ಬರುತ್ತೆ ಅಂತಾರೆ."

ಮುಖ ಹೆರೆದು ಸಮ ಮಾಡುವ ಫೇಸಿಂಗ್ 8 ಥೌ ಆಯಿತು. ಎಕ್ಸಾಸ್ಟ್ ಸೀಟು ನಾಲ್ಕೂ ತಗ್ಗಾಗಿ, ಗುಳಿಬಿದ್ದಿದ್ದವು. ಈ ಹೆಡ್ ಮಾಡಿದ ಕಾಲದಲ್ಲಿ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು. ವಾಲ್ವ್ ಬಡಿಯುವಾಗ ಆ ಸೀಸವೇ ಸೀಟಿಗೆ ಮೆತ್ತೆಯ ಹಾಗೆ ಕೆಲಸ ಮಾಡುತ್ತಿತ್ತು. 2000ದಲ್ಲಿ ದೇಶದಲ್ಲೆಲ್ಲ ಸೀಸದ ಪೆಟ್ರೋಲ್ ನಿಂತ ಮೇಲೆ ಇಂಥ ಮೆದು ಕಬ್ಬಿಣದ ಸೀಟುಗಳು ಸವೆಯತೊಡಗಿದವು. ಸೀಟು ತಗ್ಗಾದಂತೆ ಎಕ್ಸಾಸ್ಟ್ ಟ್ಯಾಪೆಟ್ ಗ್ಯಾಪ್, ಅಂದರೆ ರಾಕರಿಗೂ ವಾಲ್ವಿಗೂ ನಡುವೆ ಬಿಡುವ ಸಂದಿ, ತಾನಾಗೇ ಕಮ್ಮಿಯಾಗುತ್ತದೆ. ಗಟ್ಟಿ ಉಕ್ಕಿನ ಸೀಟು ರಿಂಗ್ ನಾಲ್ಕನ್ನೂ ಹಾಕಿಸಿದೆ. ವಾಲ್ವಿನ ಕಡ್ಡಿ ಆಡುವ ಎಕ್ಸಾಸ್ಟ್ ಗೈಡ್ ಎರಡು ಸವೆದು ಸಡಿಲವಾಗಿದ್ದವು, ಅವನ್ನೂ ಬದಲಿಸಿದೆ.

ಹೆಡ್ ಅಲ್ಲಿದ್ದಾಗ ನಾನು ಬ್ಲಾಕ್ ತೊಳೆದೆ. ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇದೇ. ಸಿಲಿಂಡರುಗಳಿಗೆ ಬಟ್ಟೆ ತುರುಕಿ, ಅಂಚಿಗೆ ಗ್ರೀಸ್ ಮೆತ್ತಿ, ಮೇಲೆ ಟೇಪ್ ಹಾಕಿದೆ. ಪುಶ್ ರಾಡ್ ತೂತುಗಳಿಗೂ ಹಾಗೇ. ಪಕ್ಕದ ವೆಲ್ಚ್ ಪ್ಲಗ್ಗುಗಳನ್ನು, ಅದೇ ಆ ತಟ್ಟೆಯಂಥ ಮುಚ್ಚಳಗಳನ್ನು, ಹೊಡೆದು ತೆಗೆದೆ. ಒಳಗೆ ಬೆರಳು ಹಾಕಿದರೆ ಅರ್ಧ ಜಾಗ ಕಲ್ಲು. ಗಟ್ಟಿ ತಂತಿ, ಹಳೆ ಸ್ಕ್ರೂ ಡ್ರೈವರ್, ಕಾರ್ ತೊಳೆಯುವ ಪ್ರೆಶರ್ ಪೈಪು, ಇಷ್ಟರಲ್ಲಿ ಕೆದಕಿ ಕೆದಕಿ ತೆಗೆದೆ. ಹಳೆ ಪೇಂಟ್ ಡಬ್ಬಿಯಲ್ಲಿ ಹಿಡಿದಿಟ್ಟೆ. ಒಂದು ಲೀಟರ್ ಡಬ್ಬಿ ತುಂಬಿ ಮಿಕ್ಕಿತು. ಅಷ್ಟು ನೀರು ಇರಬೇಕಾದ ಜಾಗದಲ್ಲಿ ಅಷ್ಟು ಮಣ್ಣು ಕೂತಿತ್ತು.

ಮಿಕ್ಕಿದ ಪೊರೆಗೆ ನಿಂಬೆ ಉಪ್ಪು. ದಿನಸಿ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಸಿಡ್. ಹೊಸ ವೆಲ್ಚ್ ಪ್ಲಗ್ ಬಡಿದು, ಕೆಳಗಿನ ಹೋಸ್ ಬಾಯಿ ಮುಚ್ಚಿ, ಒಂದು ಬಕೆಟ್ ಬಿಸಿನೀರಿಗೆ ಅರ್ಧ ಕೇಜಿ ಕರಗಿಸಿ ಬ್ಲಾಕಿಗೆ ತುಂಬಿದೆ. ಸುಣ್ಣ ಬುಸುಗುಟ್ಟಿ ನೊರೆ ಬಂತು. ಎರಡು ಗಂಟೆ ಬಿಟ್ಟು ಖಾಲಿ ಮಾಡಿ, ಇನ್ನೊಂದು ಸಲ ತುಂಬಿದೆ. ಎರಡನೇ ಸಲ ನೊರೆ ಬರುವುದು ನಿಂತಿತು. ಕೊನೆಗೆ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ತೊಳೆದೆ, ಆಸಿಡ್ ಉಳಿದರೆ ಕಬ್ಬಿಣ ತಿನ್ನುತ್ತದೆ. ಆಮೇಲೆ ಬ್ಲಾಕಿನ ಹಿಂದಿನ ನಲ್ಲಿ ಬಿಚ್ಚಿದರೆ ಹೆಬ್ಬೆರಳಿನಲ್ಲಿ ತಡೆಯಲಾಗದ ಹಾಗೆ ನೀರು ಚಿಮ್ಮಿತು. ಅಪ್ಪ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಎದ್ದು ಬಂದು ತಾವೇ ಒಂದು ಸಲ ನಲ್ಲಿ ತಿರುಗಿಸಿ ನೋಡಿದರು.

ರೇಡಿಯೇಟರನ್ನು ನಾನು ಮುಟ್ಟಲಿಲ್ಲ. ಅದು ಬೆಸುಗೆ ಗೊತ್ತಿದ್ದವರ ಕೆಲಸ. ಮೇಲಿನ ಟ್ಯಾಂಕ್ ಬಿಡಿಸಿ, ಕೊಳವೆಗಳಿಗೆ ಒಂದೊಂದಾಗಿ ಪಟ್ಟಿ ಆಡಿಸಿ, ಮತ್ತೆ ಬೆಸುಗೆ ಹಾಕಿ ಕೊಟ್ಟರು. ಮೂರರಲ್ಲಿ ಒಂದು ಪಾಲು ಕೊಳವೆ ಕಟ್ಟಿದ್ದವು ಅಂದರು.

ಎಂಜಿನ್ ಕಾದ ಮೇಲಷ್ಟೇ ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ಇರಬೇಕಾದ ಜಾಗ ಖಾಲಿ ಇತ್ತು. ಬಿಸಿಯಾಗುತ್ತದೆ ಅಂತ ಯಾರೋ ಯಾವಾಗಲೋ ಕಿತ್ತು ಬಿಸಾಡಿದ್ದಾರೆ. ನಮ್ಮ ಕಡೆ ಇದು ದೊಡ್ಡ ರೂಢಿ. ಅದಿಲ್ಲದಿದ್ದರೆ ಎಂಜಿನ್ ಬೆಳಗ್ಗೆ ಬೇಗ ಹದಕ್ಕೆ ಬರುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಹುಡುಕಿ ಹೊಸದು ತಂದೆ. ಹಾಕುವ ಮೊದಲು ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿದೆ. 82 ಡಿಗ್ರಿಗೆ ಬಾಯಿ ತೆರೆಯಿತು, ಅದರ ಮೇಲೆ ಕೊರೆದಿದ್ದ ನಂಬರಿನಂತೆಯೇ.

ವಾಲ್ವ್ ಉಜ್ಜುವ ಕೆಲಸ ನನಗೆ ತುಂಬ ಇಷ್ಟವಾಯಿತು. ಮೊದಲು ದಪ್ಪ ಪೇಸ್ಟ್, ಆಮೇಲೆ ನುಣುಪು. ಅಂಗೈ ನಡುವೆ ಕೋಲು ಹಿಡಿದು ಮಜ್ಜಿಗೆ ಕಡೆದ ಹಾಗೆ ತಿರುಗಿಸುವುದು. ಮೊದಮೊದಲು ಗರಗರ, ಆಮೇಲೆ ಸದ್ದೇ ಇಲ್ಲ. ಸುತ್ತಲೂ ಒಂದೇ ಅಗಲದ ಬೂದು ಗೆರೆ ಬರುವವರೆಗೆ. ಸ್ಪ್ರಿಂಗ್ ಹಾಕಿ, ಹೆಡ್ ತಲೆಕೆಳಗಾಗಿಟ್ಟು, ಗುಳಿಗಳಿಗೆ ಸೀಮೆಎಣ್ಣೆ ತುಂಬಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ನೋಡಿದರೆ ಪೋರ್ಟ್ ಒಳಗೆ ಒಂದು ಹನಿಯೂ ಇಳಿದಿರಲಿಲ್ಲ.

ಆರನೇ ಭಾನುವಾರ ಕಟ್ಟಿದೆ. ಗ್ಯಾಸ್ಕೆಟ್ ಮೇಲೆ ಯಾವುದು ಮೇಲಕ್ಕೆ, ಯಾವುದು ಮುಂದಕ್ಕೆ ಅಂತ ಅಚ್ಚು ಹಾಕಿರುತ್ತಾರೆ. ಉಲ್ಟಾ ಹಾಕಿದರೆ ನೀರಿನ ತೂತುಗಳು ಕೂಡುವುದಿಲ್ಲ. ಅಂಟು ಏನೂ ಹಚ್ಚದೆ ಕೂರಿಸಿದೆ. ಸ್ಟಡ್ ಥ್ರೆಡ್ಡಿಗೆ ಒಂದೊಂದು ಹನಿ ಆಯಿಲ್. ಪುಸ್ತಕದಲ್ಲಿ ಹೇಳಿದ ಬಿಗಿಯನ್ನು ಮೂರು ಪಾಲು ಮಾಡಿ, ಪ್ರತಿ ಸುತ್ತೂ ನಡುವಿನಿಂದ ಹೊರಕ್ಕೆ ಹೋಗುತ್ತ ಹನ್ನೊಂದನ್ನೂ ಬಿಗಿದೆ. ತಮ್ಮ ಪಕ್ಕದಲ್ಲಿ ನಿಂತು ನಂಬರ್ ಕೂಗುತ್ತಿದ್ದ.

ಟ್ಯಾಪೆಟ್ ಗ್ಯಾಪ್ 15 ಥೌ. ಇದಕ್ಕೊಂದು ಸುಲಭದ ಲೆಕ್ಕ ಇದೆ, ಒಂಬತ್ತರ ಲೆಕ್ಕ. 8ನೇ ವಾಲ್ವ್ ಪೂರ್ತಿ ತೆರೆದಾಗ 1ನೆಯದನ್ನು ಹೊಂದಿಸಬೇಕು. 6 ತೆರೆದಾಗ 3. 4 ತೆರೆದಾಗ 5. 7 ತೆರೆದಾಗ 2. ಎರಡೂ ಕೂಡಿದರೆ ಯಾವಾಗಲೂ 9. ಪ್ಲಗ್ ತೆಗೆದಿದ್ದರೆ ಫ್ಯಾನ್ ಬೆಲ್ಟ್ ಹಿಡಿದು ಕೈಯಲ್ಲೇ ಎಂಜಿನ್ ತಿರುಗಿಸಬಹುದು.

ಕಾಯಿಲ್ ವೈರ್ ಕಳಚಿಟ್ಟು ಆಯಿಲ್ ಪ್ರೆಶರ್ ಬರುವವರೆಗೆ ಸೆಲ್ಫ್ ಹೊಡೆದು, ಆಮೇಲೆ ವೈರ್ ಹಾಕಿ ಸ್ಟಾರ್ಟ್ ಮಾಡಿದೆ. ಮೂರನೇ ಸಲಕ್ಕೆ ಹತ್ತಿತು. ಐಡ್ಲಿಂಗ್ ಎಷ್ಟು ಸಮ ಇತ್ತು ಅಂದರೆ ತಮ್ಮ ಬಾನೆಟ್ ಮೇಲೆ ನೀರಿನ ಲೋಟ ಇಟ್ಟು ನೋಡಿದ. ಆದರೆ ಹತ್ತು ನಿಮಿಷಕ್ಕೆ ಥರ್ಮೋಸ್ಟಾಟ್ ಮುಚ್ಚಳದ ಬುಡದಲ್ಲಿ ನೀರು ಜಿನುಗಿತು. ಆ ಮುಚ್ಚಳದ ಮುಖ ಗುಳಿಬಿದ್ದಿದ್ದನ್ನು ನಾನು ನೋಡಿಯೇ ಇರಲಿಲ್ಲ. ಕಿಟಕಿಯ ಗಾಜಿನ ತುಂಡಿನ ಮೇಲೆ ಎಮರಿ ಹಾಳೆ ಅಂಟಿಸಿ, ಮುಚ್ಚಳ ಉಜ್ಜಿ ಸಮ ಮಾಡಿ, ಹೊಸ ಕಾಗದದ ಪ್ಯಾಕಿಂಗ್ ಕತ್ತರಿಸಿ ಹಾಕಿದೆ. ನಿಂತಿತು.

ಮಾರನೇ ದಿನ ಎಂಜಿನ್ ತಣ್ಣಗಿರುವಾಗ ಹೆಡ್ ನಟ್ಟುಗಳನ್ನು ಮತ್ತೆ ಬಿಗಿದು ನೋಡಿದೆ. ಹನ್ನೊಂದರಲ್ಲಿ ಏಳು ಸ್ವಲ್ಪ ತಿರುಗಿದವು. ಹೆಡ್ ಕೆಳಕ್ಕೆ ಕೂತದ್ದರಿಂದ ಟ್ಯಾಪೆಟ್ ಗ್ಯಾಪ್ 15 ಇದ್ದದ್ದು 13 ಆಗಿತ್ತು. ಹೊಂದಿಸಿದೆ. ಬಿಗಿದ ಮೇಲೆ ಟ್ಯಾಪೆಟ್ ನೋಡಬೇಕೇ ಹೊರತು ಮೊದಲಲ್ಲ. ಕಂಪ್ರೆಶನ್ ಈಗ 128, 125, 126, 128.

ರೇಡಿಯೇಟರಿಗೆ ಡಿಸ್ಟಿಲ್ಡ್ ವಾಟರ್, ಕೂಲಂಟ್. ಬೋರ್ ನೀರು ಒಂದು ಲೋಟವೂ ಇಲ್ಲ. ಡಿಕ್ಕಿಯಲ್ಲಿ ಐದು ಲೀಟರ್ ಕ್ಯಾನು ಯಾವಾಗಲೂ ಇರುತ್ತದೆ, ಅದರ ಮೇಲೆ ಅಪ್ಪ ತಮ್ಮ ಕೈಯಲ್ಲೇ "ಗಾಡಿಗೆ ಮಾತ್ರ" ಅಂತ ಬರೆದು ಅಂಟಿಸಿದ್ದಾರೆ.

ಏಳನೇ ಭಾನುವಾರ ಬೆಳಗ್ಗೆ ಐದಕ್ಕೆ ಹೊರಟೆವು. ಕಡೂರು, ಚಿಕ್ಕಮಗಳೂರು, ಕೈಮರ. ಕೈಮರದಲ್ಲಿ ಅಪ್ಪ ಸ್ಟೀರಿಂಗ್ ಕೇಳಿದರು. ಕೊಟ್ಟು, ಪಕ್ಕ ಕೂತು, ಮೀಟರ್ ನೋಡುತ್ತ ಇದ್ದೆ. ಹೋದ ಸಲ ನಿಂತ ಬೇಲಿಯ ಹತ್ತಿರ 86. ಎರಡನೇ ಗೇರಿನಲ್ಲಿ ಎಳೆಯುವ ತಿರುವುಗಳಲ್ಲಿ 90. ಅಲ್ಲಿಂದ ಮೇಲೆ ಹೋಗಲಿಲ್ಲ. ಅತ್ತಿಗುಂಡಿಯಲ್ಲಿ ನಿಲ್ಲಿಸಿ ಬಾನೆಟ್ ಎತ್ತಿ ನೋಡಿದೆವು. ನೀರು ಎಲ್ಲೂ ಇಲ್ಲ. ಎಂಜಿನ್ನಿನ ಹಿಂದೆ, ಗೇರ್ ಬಾಕ್ಸ್ ಸೇರುವ ಕಡೆ ಎರಡು ಹನಿ ಆಯಿಲ್. ಈ ಎಂಜಿನ್ನಿನ ಹಿಂದಿನ ಬೇರಿಂಗಿಗೆ ಸರಿಯಾದ ರಬ್ಬರ್ ಸೀಲೇ ಇಲ್ಲ. ಆ ಎರಡು ಹನಿಗೆ ನಾನು ಕೈ ಹಾಕುವುದಿಲ್ಲ.

ಅಪ್ಪ ಕಾಫಿ ಕುಡಿದು ಲೋಟ ಇಟ್ಟು, "ಮೇಲೆ ತನಕ ಹೋಗಿಬರೋಣ" ಅಂದರು.